ಮಸ್ಕಿಯ ಬಂಡೆ ಮುಂದೆ ಮಕ್ಕಳಿಗೆ ಏನು ಕೇಳಬೇಕು? ಪ್ರಶ್ನೆಗಳಿಂದ ಇತಿಹಾಸ ಕಲಿಸುವ ಬಗೆ

‘ಪ್ರಶ್ನೆ ಕೇಳಿ ಕಲಿಸಿ ಅಂತ ಎಲ್ಲರೂ ಹೇಳ್ತಾರೆ. ಯಾವ ಪ್ರಶ್ನೆ ಕೇಳಬೇಕು ಅಂತ ಯಾರೂ ಹೇಳಲ್ಲ.’ ಸಮಾಜ ವಿಜ್ಞಾನ ಕಲಿಸುವವರು ಪದೇ ಪದೇ ನನ್ನ ಹತ್ತಿರ ಹೇಳಿಕೊಳ್ಳುವ ಮಾತು ಇದು. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ಅಪ್ಪ-ಅಮ್ಮಂದಿರೂ ಇದನ್ನೇ ಕೇಳುತ್ತಾರೆ.

ಅವರ ಕಷ್ಟ ನನಗೆ ಗೊತ್ತು. ತರಬೇತಿ ಮುಗಿಸಿ ಬಂದು ತರಗತಿಯಲ್ಲಿ ನಿಂತಾಗ ಬಾಯಿಗೆ ಬರುವುದು ಹಳೆಯ ಪ್ರಶ್ನೆಗಳೇ. ಅಶೋಕನ ತಂದೆ ಯಾರು? ರಕ್ಕಸತಂಗಡಿ ಯುದ್ಧ ಯಾವ ಇಸವಿಯಲ್ಲಿ ನಡೆಯಿತು? ಮುಂದಿನ ಬೆಂಚಿನಿಂದ ನಾಲ್ಕು ಕೈ ಮೇಲೇಳುತ್ತವೆ. ಬಿಂದುಸಾರ. 1565. ಉಳಿದ ಮಕ್ಕಳು ಗಂಟೆ ಹೊಡೆಯುವುದನ್ನು ಕಾಯುತ್ತಾ ಕೂತಿರುತ್ತಾರೆ.

ನನ್ನ ಅನುಭವದಲ್ಲಿ ಗುಟ್ಟು ಇಷ್ಟೇ. ಪ್ರಶ್ನೆ ಕೇಳುವ ಮೊದಲು ಮಗುವಿನ ಕಣ್ಣ ಮುಂದೆ ಏನಾದರೂ ಇರಬೇಕು. ಒಂದು ಕಲ್ಲು, ಒಂದು ಸಾಲು, ಒಂದು ಅಂಕಿ. ಗಾಳಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರವೂ ಗಾಳಿಯಲ್ಲೇ ಬರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ನಮಗೆ ಇಂಥ ಕಲ್ಲು, ಸಾಲುಗಳಿಗೆ ಬರವಿಲ್ಲ. ಹಾಗಾಗಿ ಇಲ್ಲಿನ ಹೆಚ್ಚಿನ ಉದಾಹರಣೆಗಳು ಈ ಸೀಮೆಯವೇ.

ಏನೇನು ಬೇಕು?

ಕರಿಹಲಗೆ, ಸೀಮೆಸುಣ್ಣ, ಒಂದು ಜಿಲ್ಲಾ ನಕ್ಷೆ. ಒಂದು ಆಕರ. ಆಕರ ಅಂದರೆ ಹಿಂದಿನ ಕಾಲದ ಬಗ್ಗೆ ನಮಗೆ ಸುದ್ದಿ ಕೊಡುವ ಯಾವುದೇ ವಸ್ತು: ಶಾಸನ, ನಾಣ್ಯ, ಕೋಟೆ ಗೋಡೆ, ಹಳೇ ಕಾಗದಪತ್ರ, ಅಜ್ಜಿಯ ನೆನಪು. ಘಟನೆ ನಡೆದ ಕಾಲದಲ್ಲೇ ಹುಟ್ಟಿದ್ದು ಪ್ರಾಥಮಿಕ ಆಕರ. ಆಮೇಲೆ ಬೇರೆಯವರು ಬರೆದದ್ದು, ನಮ್ಮ ಪಠ್ಯಪುಸ್ತಕವೂ ಸೇರಿ, ದ್ವಿತೀಯ ಆಕರ. ಸ್ಮಾರ್ಟ್ ಕ್ಲಾಸ್ ಇದ್ದರೆ ಚಿತ್ರ ತೋರಿಸಲು ಅನುಕೂಲ. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ನಿಮಗೆ ಮಾತ್ರ ಆ ಆಕರದ ಬಗ್ಗೆ ಪಠ್ಯಪುಸ್ತಕಕ್ಕಿಂತ ಸ್ವಲ್ಪ ಜಾಸ್ತಿ ಗೊತ್ತಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

1. ಮೊದಲು ಕಲ್ಲು, ಆಮೇಲೆ ಪ್ರಶ್ನೆ

ಪಾಠಯೋಜನೆ ಬರೆಯುವಾಗ ‘ಈ ಅಧ್ಯಾಯಕ್ಕೆ ಯಾವ ಪ್ರಶ್ನೆ’ ಎಂದು ಶುರು ಮಾಡಬೇಡಿ. ‘ಈ ಅಧ್ಯಾಯಕ್ಕೆ ಹೊಂದುವ ಯಾವ ವಸ್ತು ನನ್ನ ಶಾಲೆಗೆ ಹತ್ತಿರ ಇದೆ’ ಎಂದು ನೋಡಿ.

ಮೌರ್ಯರ ಪಾಠಕ್ಕೆ ಮೂರೂ ಜಿಲ್ಲೆಗಳಲ್ಲಿ ಅಶೋಕನ ಶಾಸನಗಳಿವೆ. ರಾಯಚೂರಿಗೆ ಮಸ್ಕಿ. ಕೊಪ್ಪಳಕ್ಕೆ ಊರಲ್ಲೇ ಇರುವ ಗವಿಮಠ ಮತ್ತು ಪಾಲ್ಕಿಗುಂಡು. ಬಳ್ಳಾರಿಗೆ ನಿಟ್ಟೂರು, ಉಡೇಗೋಳಂ. ಆದಿಮಾನವನ ಪಾಠಕ್ಕೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳು (ಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಸಮಾಧಿಗಳು), ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಡತಿನಿಯ ಬೂದಿ ದಿಬ್ಬ. ಚಾಲುಕ್ಯರಿಗೆ ಇಟಗಿಯ ಮಹಾದೇವ ದೇವಾಲಯ. ಅದನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನವೇ ಆ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಎಷ್ಟೋ ಶಾಲೆಗಳ ಪ್ರವಾಸ ಹಂಪಿಗೇ ಹೋಗುತ್ತದೆ. ಹಂಪಿ ದೊಡ್ಡದು, ನಿಜ. ಒಂದು ಪಿರಿಯಡ್‌ನ ಪ್ರಶ್ನೆಗೆ ಅದು ಜಾಸ್ತಿಯೇ ದೊಡ್ಡದು. ಹತ್ತಿರದ, ಚಿಕ್ಕ, ಒಂಟಿ ವಸ್ತು ಆರಿಸಿಕೊಳ್ಳಿ.

ಜಾಗಕ್ಕೇ ಕರೆದುಕೊಂಡು ಹೋಗುವುದಾದರೆ ಮುಖ್ಯಶಿಕ್ಷಕರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಪ್ಪಿಗೆ ಪಡೆಯಿರಿ. ಹಿರೇಬೆಣಕಲ್ಲಿಗೆ ಗುಡ್ಡ ಹತ್ತಬೇಕು, ಮೇಲೆ ಬಿಸಿಲು. ಬೆಳಿಗ್ಗೆ ಬೇಗ ಹೊರಡಿ, ನೀರು ನೀವೇ ಹೊತ್ತುಕೊಂಡು ಹೋಗಿ. ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಅಕ್ಷರ ಚೆನ್ನಾಗಿ ಕಾಣಲಿ ಎಂದು ಶಾಸನದ ಮೇಲೆ ಸೀಮೆಸುಣ್ಣ ತಿಕ್ಕಬೇಡಿ, ನೀರು ಸುರಿಯಬೇಡಿ. ಕಲ್ಲುಮನೆಯ ಚಪ್ಪಡಿ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯಬೇಡಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ನಿಂತು ನೋಡಿದರೆ ಅಕ್ಷರದ ತಗ್ಗುಗಳು ತಾವಾಗಿ ಕಾಣುತ್ತವೆ.

2. ಪ್ರಶ್ನೆ ಕಟ್ಟುವುದು

ಪ್ರಶ್ನೆಗಳಲ್ಲಿ ಎರಡು ಬಗೆ. ಒಂದೇ ಸರಿಯುತ್ತರ ಇರುವುದು ಮುಚ್ಚಿದ ಪ್ರಶ್ನೆ. ಯೋಚಿಸಿ, ಆಧಾರ ಕೊಟ್ಟು ಬೇರೆ ಬೇರೆ ರೀತಿ ಉತ್ತರಿಸಬಹುದಾದದ್ದು ತೆರೆದ ಪ್ರಶ್ನೆ. ಮುಚ್ಚಿದ ಪ್ರಶ್ನೆ ಕೆಟ್ಟದ್ದೇನೂ ಅಲ್ಲ. ಪರೀಕ್ಷೆಗೆ ಬೇಕು, ಪಾಠದ ಶುರುವಿಗೂ ಬೇಕು. ಆದರೆ ಪಿರಿಯಡ್ ಪೂರ್ತಿ ಅದೇ ಆದರೆ ಮಕ್ಕಳಿಗೆ ಇತಿಹಾಸ ಎಂದರೆ ಉರು ಹೊಡೆಯುವ ಪಟ್ಟಿ ಅನ್ನಿಸಿಬಿಡುತ್ತದೆ.

ರಾಯಚೂರು ಕೋಟೆ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ತೆಲುಗು ಶಾಸನ 1294ರದ್ದು. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ. ಆ ಭಾರೀ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ‘ರಾಯಚೂರು ಕೋಟೆ ಯಾರು ಕಟ್ಟಿಸಿದರು?’ ಎಂದು ಕೇಳಿದರೆ ಒಂದು ಹೆಸರು ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದೇ ಚಿತ್ರ ತೋರಿಸಿ ಹೀಗೆ ಕೇಳಿ ನೋಡಿ: ‘ಈ ಕಲ್ಲು ಇಲ್ಲಿಗೆ ಬರಲು ಯಾರ್ಯಾರು ದುಡಿದಿರಬೇಕು? ಅವರಲ್ಲಿ ಯಾರ ಹೆಸರು ಕಲ್ಲಿನ ಮೇಲಿದೆ, ಯಾರದ್ದು ಇಲ್ಲ? ಹೆಸರು ಇಲ್ಲದಿದ್ದರೂ ಅವರ ಚಿತ್ರವನ್ನು ಯಾಕೆ ಕೊರೆದರು?’

ಕಲ್ಲು ಒಡೆಯುವವರ ಮನೆಯ ಮಕ್ಕಳು, ಎತ್ತು ಕಟ್ಟಿದವರ ಮನೆಯ ಮಕ್ಕಳು ಆಗ ಮಾತಾಡಲು ಶುರು ಮಾಡುತ್ತಾರೆ. ಹಗ್ಗ ಎಂಥದ್ದು ಬೇಕು, ಉಬ್ಬಿನಲ್ಲಿ ಬಂಡಿ ಹೇಗೆ ಏರಿಸುತ್ತಾರೆ, ಚಕ್ರ ಹೂತರೆ ಏನು ಮಾಡುತ್ತಾರೆ. ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ ಕಟ್ಟಿದ ಮೇಲೆ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಇಬ್ಬರು ಜಾಣ ಮಕ್ಕಳು ಇದಕ್ಕೆ ಬೇರೆ ಬೇರೆ ಉತ್ತರ ಕೊಡಬಹುದಾ? ಉತ್ತರಕ್ಕೆ ಬೇಕಾದ ಆಧಾರ ಅವರ ಮುಂದೆ ಇದೆಯಾ? ಎರಡಕ್ಕೂ ಹೌದು ಎನ್ನಲು ಆಗದಿದ್ದರೆ ಪ್ರಶ್ನೆ ಬದಲಿಸಿ.

‘ಒಂದು ವೇಳೆ’ ಪ್ರಶ್ನೆಗಳ ಬಗ್ಗೆ ಎಚ್ಚರ. ‘1565ರಲ್ಲಿ ವಿಜಯನಗರ ಗೆದ್ದಿದ್ದರೆ ಏನಾಗುತ್ತಿತ್ತು?’ ಎಂದು ನಾನೂ ಒಮ್ಮೆ ಕೇಳಿದ್ದೆ. ಪಿರಿಯಡ್ ಪೂರ್ತಿ ಗದ್ದಲ. ಮಕ್ಕಳು ಖುಷಿಯಾಗಿದ್ದರು. ಆದರೆ ಯಾರ ಕೈಯಲ್ಲೂ ಆಧಾರ ಇರಲಿಲ್ಲ, ಯಾರೂ ಏನೂ ಕಲಿಯಲಿಲ್ಲ. ತಪ್ಪು ನನ್ನದೇ.

3. ಒಂದು ಪಿರಿಯಡ್ ನಡೆಸುವುದು: ಮಸ್ಕಿ

ಇದನ್ನು ವಿವರವಾಗಿ ಹೇಳುತ್ತೇನೆ. ಒಂದು ಪಾಠ ಪೂರ್ತಿ ಕಣ್ಣಿಗೆ ಕಟ್ಟಿದರೆ ಉಳಿದವನ್ನು ನೀವೇ ಮಾಡಿಕೊಳ್ಳಬಹುದು.

ಹಲಗೆ ಮೇಲೆ ಎರಡು ಪದ ಬರೆಯಿರಿ: ದೇವಾನಂಪಿಯ, ಪಿಯದಸಿ. ಮೊದಲನೆಯದು ‘ದೇವರಿಗೆ ಪ್ರಿಯನಾದವನು’, ಎರಡನೆಯದು ‘ಪ್ರೀತಿಯಿಂದ ಕಾಣುವವನು’. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಬ್ರಿಟಿಷ್ ವಿದ್ವಾಂಸರು ಬ್ರಾಹ್ಮಿ ಲಿಪಿ ಓದುವುದನ್ನು ಕಂಡುಕೊಂಡರು. ಆಗ ದೇಶದ ಮೂಲೆ ಮೂಲೆಯ ಶಾಸನಗಳಲ್ಲಿ ಇದೇ ಬಿರುದುಗಳು ಕಂಡವು. ರಾಜನ ಸ್ವಂತ ಹೆಸರು ಕಾಣಲಿಲ್ಲ. ಇಷ್ಟು ಹೇಳಿ ನಿಲ್ಲಿಸಿ.

ಈಗ ಮೊದಲ ಪ್ರಶ್ನೆ: ‘ಊರಲ್ಲಿ ಒಬ್ಬರನ್ನು ಎಲ್ಲರೂ ಗೌಡ್ರು ಅಂತಾರೆ. ಇನ್ನೂರು ವರ್ಷ ಆದ ಮೇಲೆ ಯಾರಿಗೋ ಒಂದು ಕಾಗದ ಸಿಗುತ್ತದೆ. ಅದರಲ್ಲಿ ಬರೀ ಗೌಡ್ರು ಅಂತ ಇದೆ. ಯಾವ ಗೌಡ್ರು ಅಂತ ಹೇಗೆ ಪತ್ತೆ ಮಾಡ್ತೀರಿ?’

ಉತ್ತರಗಳು ಸುಲಭವಾಗಿ ಬರುತ್ತವೆ. ತಾರೀಖು ನೋಡಬೇಕು. ಊರ ಹೆಸರು ನೋಡಬೇಕು. ಬೇರೆ ಕಾಗದ ಹುಡುಕಬೇಕು, ಅದರಲ್ಲಿ ಹೆಸರು ಇರಬಹುದು. ಎಲ್ಲವನ್ನೂ ಹಲಗೆ ಮೇಲೆ ಬರೆಯಿರಿ. ಮಕ್ಕಳಿಗೆ ಗೊತ್ತಿಲ್ಲದೆ ಅವರು ಇತಿಹಾಸಕಾರರ ಕೆಲಸ ಮಾಡಿ ಮುಗಿಸಿರುತ್ತಾರೆ. ಅದನ್ನು ಅವರಿಗೆ ಹೇಳಿ. ಪಿಯದಸಿ ಎಂದರೆ ಅಶೋಕನೇ ಎಂಬ ಊಹೆಗೆ ಶ್ರೀಲಂಕಾದ ಪಾಲಿ ಗ್ರಂಥಗಳು ದಾರಿ ತೋರಿಸಿದ್ದು ಹೀಗೆಯೇ. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಒಂದು ಶಾಸನ ಬಿತ್ತು. ಅದರಲ್ಲಿ ಬಿರುದಿನ ಜೊತೆಗೇ ಹೆಸರೂ ಇತ್ತು: ‘ದೇವಾನಂಪಿಯಸ ಅಸೋಕಸ’. ಬಿರುದಿನ ಪಕ್ಕ ಹೆಸರು ಇರುವ ಶಾಸನ ಸಿಕ್ಕಿದ್ದು ಅದೇ ಮೊದಲು. ಆಮೇಲೆ ನಿಟ್ಟೂರು, ಉಡೇಗೋಳಂಗಳಲ್ಲೂ ಹೆಸರು ಸಿಕ್ಕಿತು.

ಇಲ್ಲಿ ನಮ್ಮವರು ಬಹಳಷ್ಟು ಸಲ ಎಡವುತ್ತಾರೆ. ‘ಮಸ್ಕಿ ಶಾಸನ ಸಿಗುವವರೆಗೆ ಅಶೋಕ ಯಾರಂತಲೇ ಗೊತ್ತಿರಲಿಲ್ಲ’ ಎಂದು ಹೇಳಿಬಿಡುತ್ತಾರೆ. ಅದು ತಪ್ಪು. ಊಹೆ ಮೊದಲೇ ಇತ್ತು, ಮಸ್ಕಿ ಅದನ್ನು ಗಟ್ಟಿ ಮಾಡಿತು. ನಮ್ಮ ಊರಿನ ಮೇಲಿನ ಪ್ರೀತಿಗೆ ಸುಳ್ಳು ಬೇಕಾಗಿಲ್ಲ. ನಿಜವೇ ಸಾಕಷ್ಟು ದೊಡ್ಡದಾಗಿದೆ.

ಎರಡನೇ ಪ್ರಶ್ನೆ: ‘ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆಗ ಮಸ್ಕಿಯ ಸುತ್ತ ದನ ಕಾಯುತ್ತಿದ್ದವರು, ಹೊಲ ಮಾಡುತ್ತಿದ್ದವರು ಇದನ್ನು ಓದಿದರಾ? ಓದಲು ಬಾರದವರಿಗಾಗಿ ಯಾಕೆ ಬರೆಸಿದ?’ ಈ ಪ್ರಶ್ನೆ ಕೇಳಿದ ಮೇಲೆ ಶಾಸನದ ಒಂದು ಮಾತನ್ನು ಸರಳ ಕನ್ನಡದಲ್ಲಿ ಹೇಳಿ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಂದುಕೊಳ್ಳಬಾರದು, ಸಣ್ಣವರೂ ಪ್ರಯತ್ನಪಟ್ಟರೆ ಸಿಗುತ್ತದೆ, ಇದನ್ನು ಇಬ್ಬರಿಗೂ ತಿಳಿಸಬೇಕು ಎಂದು ಅದರಲ್ಲಿದೆ. ‘ತಿಳಿಸಬೇಕು’ ಎನ್ನುವ ಮಾತನ್ನು ಯಾರಾದರೂ ಹಿಡಿಯುತ್ತಾರಾ ನೋಡಿ. ಹಿಡಿದರೆ, ಯಾರೋ ಓದಿ ಹೇಳುವವರು ಇದ್ದಿರಬೇಕು ಎಂಬ ಊಹೆ ಅವರಿಂದಲೇ ಬರುತ್ತದೆ. ನಮ್ಮಲ್ಲಿ ಡಂಗುರ ಸಾರುತ್ತಿದ್ದ ಹಾಗೆ. ಹಿಡಿಯದಿದ್ದರೆ ಆ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಉತ್ತರ ಮಾತ್ರ ಕೊಡಬೇಡಿ.

ಮೂರನೆಯದು ನಕ್ಷೆಯ ಪ್ರಶ್ನೆ. ಮಸ್ಕಿ, ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳಂ ಐದನ್ನೂ ಗುರುತು ಮಾಡಿಸಿ. ‘ಪಾಟಲಿಪುತ್ರ ಎಲ್ಲಿ, ನಾವು ಎಲ್ಲಿ! ಇಷ್ಟು ಹತ್ತಿರ ಹತ್ತಿರ ಇಷ್ಟು ಶಾಸನ ಯಾಕೆ?’ ಎಂದು ಕೇಳಿ. ಸುಳಿವುಗಳನ್ನು ಒಂದೊಂದಾಗಿ ಕೊಡಿ. ರಾಯಚೂರು ಜಿಲ್ಲೆಯ ಹಟ್ಟಿಯ ಸುತ್ತ ಬಹಳ ಹಳೆಯ ಕಾಲದ ಚಿನ್ನದ ಗಣಿಗಾರಿಕೆಯ ಗುರುತುಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಸುವರ್ಣಗಿರಿ ಎಂಬ ಊರಿನ ಹೆಸರಿದೆ. ರಾಜಕುಮಾರನೂ ಅಧಿಕಾರಿಗಳೂ ಅಲ್ಲಿಂದ ಆಜ್ಞೆ ಕಳಿಸುತ್ತಿದ್ದರು. ಆ ಸುವರ್ಣಗಿರಿ ಮಸ್ಕಿಯೇ, ಕೊಪ್ಪಳ ಜಿಲ್ಲೆಯ ಕನಕಗಿರಿಯೇ, ಆಂಧ್ರದ ಜೊನ್ನಗಿರಿಯೇ ಎಂದು ವಿದ್ವಾಂಸರಲ್ಲಿ ಇನ್ನೂ ಒಮ್ಮತ ಇಲ್ಲ.

ಒಮ್ಮತ ಇಲ್ಲ ಎನ್ನುವುದನ್ನು ಮಕ್ಕಳಿಗೆ ಮುಚ್ಚಿಡಬೇಡಿ. ದೊಡ್ಡವರೂ ಇನ್ನೂ ಹುಡುಕುತ್ತಿದ್ದಾರೆ ಎಂದು ಗೊತ್ತಾದಾಗ ಅವರ ಮುಖ ಅರಳುವುದನ್ನು ನೀವೇ ನೋಡಿ.

ಇಷ್ಟಕ್ಕೆ 40 ನಿಮಿಷ ಸರಿಹೋಗುತ್ತದೆ. ನಾಲ್ಕನೇ ಪ್ರಶ್ನೆಗೆ ಆಸೆಪಡಬೇಡಿ.

4. ಕೇಳಿದ ಮೇಲೆ ಸುಮ್ನೆ ಇರಿ

ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕೂಡ ಸರಿಯಾಗಿ ಕಾಯುತ್ತಿರಲಿಲ್ಲ. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಇದಕ್ಕೆ ಕಾಯುವ ಸಮಯ ಎನ್ನುತ್ತಾರೆ.

ನಮ್ಮ ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಡಿ. ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುತ್ತಾರೆ. ಯೋಚನೆ ಒಂದು ಭಾಷೆಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಹೊರಬರಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ. ‘ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿ, ಆಮೇಲೆ ಹೇಳಿ’ ಎಂದರೆ ಹಿಂದಿನ ಬೆಂಚಿಗೂ ಧೈರ್ಯ ಬರುತ್ತದೆ. ಅವರು ತಮ್ಮ ಊರಿನ ಮಾತಿನಲ್ಲೇ ಹೇಳಲಿ. ‘ಹಂಗಲ್ರಿ ಸರ, ಅವ್ರು ಹಿಂಗ ಮಾಡಿರ್ಬೇಕ್ರಿ’ ಎಂದು ಶುರು ಮಾಡಿದ ಮಗುವಿನ ಭಾಷೆ ತಿದ್ದಲು ಹೋದರೆ ಯೋಚನೆ ಅಲ್ಲೇ ನಿಂತುಹೋಗುತ್ತದೆ.

5. ‘ನಿನಗೆ ಹೇಗೆ ಗೊತ್ತಾಯ್ತು?’

ಇಡೀ ವಿಧಾನದಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಿ ಎಂದರೆ ನಾನು ಈ ಪ್ರಶ್ನೆಯನ್ನೇ ಇಟ್ಟುಕೊಳ್ಳುತ್ತೇನೆ. ಉತ್ತರ ಸರಿ ಇರಲಿ, ತಪ್ಪಿರಲಿ, ಕೇಳಿ. ತಪ್ಪಿದಾಗ ಮಾತ್ರ ಕೇಳಿದರೆ ಅದು ಗದರಿಕೆ ಆಗುತ್ತದೆ. ಮಕ್ಕಳು ಇದನ್ನು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ. ದನಿಯಲ್ಲಿ ನಿಜವಾದ ಕುತೂಹಲ ಇರಲಿ.

ತಪ್ಪು ಉತ್ತರಗಳಿಗೆ ಬೆಲೆ ಇದೆ ಎಂದು ತೋರಿಸಲು ಬೂದಿ ದಿಬ್ಬದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಬಳ್ಳಾರಿ ಸುತ್ತಮುತ್ತ ಬೂದಿಯ ದೊಡ್ಡ ದೊಡ್ಡ ಗುಡ್ಡೆಗಳಿವೆ. ಕುಡತಿನಿಯದು ಹೆಸರುವಾಸಿ. ‘ಇಷ್ಟು ಬೂದಿ ಎಲ್ಲಿಂದ ಬಂತು?’ ಎಂಬ ಒಂದೇ ಪ್ರಶ್ನೆಗೆ ಇನ್ನೂರು ವರ್ಷಗಳಲ್ಲಿ ಎಷ್ಟೊಂದು ಉತ್ತರ! ಜ್ವಾಲಾಮುಖಿಯ ಬೂದಿ ಎಂದವರಿದ್ದರು. ಹೆಣ ಸುಟ್ಟ ಬೂದಿ ಎಂದವರಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ ಇದು ದನದ ಸಗಣಿ ಸುಟ್ಟ ಬೂದಿ ಎಂದರು. 1950ರ ದಶಕದಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಅಂಥದೇ ದಿಬ್ಬ ಅಗೆದಾಗ ಬೇಲಿಯ ಕಂಬ ನೆಟ್ಟ ಗುಳಿಗಳು ಸಿಕ್ಕವು, ದನದ ಗೊರಸಿನ ಅಚ್ಚು ಸಿಕ್ಕಿತು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನದ ದೊಡ್ಡಿ!

ಇದನ್ನು ಕಥೆ ಹೇಳಿದ ಹಾಗೆ ಹೇಳಿ ಮುಗಿಸಬೇಡಿ. ಒಂದೊಂದು ಉತ್ತರವನ್ನೂ ಹಲಗೆಗೆ ಹಾಕಿ. ‘ಇದು ನಿಜ ಆಗಿದ್ದರೆ ಬೂದಿಯೊಳಗೆ ಏನು ಸಿಗಬೇಕಿತ್ತು?’ ಎಂದು ಕೇಳಿ. ಹೆಣ ಸುಟ್ಟಿದ್ದರೆ ಮನುಷ್ಯರ ಮೂಳೆ ರಾಶಿ ರಾಶಿ ಇರಬೇಕಲ್ವಾ ಎಂದು ಯಾರಾದರೂ ಹೇಳುತ್ತಾರೆ. ಸಗಣಿ ಎಂದಾಕ್ಷಣ ನಗುತ್ತಾರೆ, ಆಮೇಲೆ ಮನೆಯ ತಿಪ್ಪೆ ನೆನೆಸಿಕೊಂಡು ಗಂಭೀರವಾಗುತ್ತಾರೆ. ಅಷ್ಟು ಸಗಣಿಗೆ ಎಷ್ಟು ದನ ಬೇಕು, ಯಾಕೆ ಸುಟ್ಟರು, ಹಬ್ಬಕ್ಕಾ, ರೋಗಕ್ಕಾ? ಇವು ಈಗಲೂ ಚರ್ಚೆಯಲ್ಲಿರುವ ಪ್ರಶ್ನೆಗಳೇ. ಬಳ್ಳಾರಿಯವರು ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಆ ಕಾಲದ ಕಲ್ಲಿನ ಕೊಡಲಿಗಳನ್ನೂ ನೋಡಬಹುದು.

ವಾಲಿಯ ಕಥೆ, ಹಿರೇಬೆಣಕಲ್ಲಿನ ಕಲ್ಲುಮನೆಗಳಲ್ಲಿ ಕುಳ್ಳ ಜನ ಇದ್ದರು ಎನ್ನುವ ಮೋರೇರ ಕಥೆ, ಇವನ್ನು ಮಗು ಅಜ್ಜಿಯಿಂದ ಕೇಳಿ ಬಂದಿರುತ್ತದೆ. ದಯವಿಟ್ಟು ಅದನ್ನು ಹೀಗಳೆಯಬೇಡಿ. ‘ಜನ ಹೀಗೆ ಯಾಕೆ ಅಂದುಕೊಂಡಿರಬಹುದು?’ ಎಂದು ಕೇಳಿ. ಅಷ್ಟು ಚಿಕ್ಕ ಮನೆ ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆಮೇಲೆ ಮುಂದಿನ ಪ್ರಶ್ನೆ: ‘ಮನೆಯೇ ಆಗಿದ್ದರೆ ಬಾಗಿಲಿನ ಬದಲು ದುಂಡನೆ ಕಿಂಡಿ ಯಾಕೆ?’

6. ಅಂಕಿ ಕಂಡರೆ ಲೆಕ್ಕ ಮಾಡಿಸಿ

ರಾಯಚೂರು ಯುದ್ಧದ ಪಾಠಕ್ಕೆ ಇದನ್ನು ಮಾಡಿ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಯುದ್ಧದ ಬಗ್ಗೆ ಬರೆದಿದ್ದಾನೆ. ಅವನು ಕೊಟ್ಟ ಸೈನ್ಯದ ಲೆಕ್ಕ ಕೂಡಿಸಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆ.

ಈಗ ಹಲಗೆ ಮೇಲೆ ಲೆಕ್ಕ. ಒಬ್ಬನಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಕುದುರೆಗೆ 30, ಆನೆಗೆ 150 ಎಂದು ಇಟ್ಟುಕೊಳ್ಳಿ. ಒಟ್ಟು ಸುಮಾರು 38 ಲಕ್ಷ 73 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 775 ಟ್ಯಾಂಕರ್. ಬೇಸಿಗೆಯಲ್ಲಿ ಓಣಿಗೆ ಒಂದು ಟ್ಯಾಂಕರ್ ಬಂದರೆ ಕೊಡಗಳ ಸಾಲು ಎಷ್ಟುದ್ದ ಆಗುತ್ತದೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಕೇಳಿ: ‘ನೂನಿಜ್ ಹೇಳಿದ್ದು ನಂಬಬಹುದಾ? ಅವನು ಯುದ್ಧ ನೋಡಿದ್ದನಾ?’ ಅವನು ವಿಜಯನಗರದಲ್ಲಿ ಇದ್ದದ್ದು 1535ರ ಸುಮಾರಿಗೆ, ಯುದ್ಧ ಆಗಿ ಹದಿನೈದು ವರ್ಷಕ್ಕೆ. ಅಂದರೆ ಕೇಳಿ ಬರೆದದ್ದು. ಹಾಗಾದರೆ ಅವನ ಬರಹವನ್ನೇ ಎಸೆಯಬೇಕಾ? ಇಲ್ಲಿ ನೀವು ಸ್ವಲ್ಪ ಕೈಹಿಡಿದು ನಡೆಸಬೇಕು. ಅಂಕಿ ಉಬ್ಬಿರಬಹುದು. ಆದರೂ ಯುದ್ಧ ನಡೆದದ್ದು, ಪೋರ್ಚುಗೀಸ್ ಬಂದೂಕುಗಾರರು ರಾಯನ ಕಡೆ ಕೋಟೆಗೆ ಗುರಿ ಇಟ್ಟದ್ದು, ಇಂಥ ವಿವರಗಳಿಗೆ ಅವನ ಬರಹ ಬೇಕೇ ಬೇಕು. ಒಂದೇ ಆಕರದ ಒಂದು ಮಾತು ನಂಬಬಹುದು, ಇನ್ನೊಂದನ್ನು ಅನುಮಾನಿಸಬಹುದು. ಇದು ಮಕ್ಕಳಿಗೆ ಹೊಸದು. ಸಮಯ ಕೊಡಿ.

ಈ ಸೀಮೆಗೆ ದೋಆಬ್ ಎನ್ನುತ್ತಾರೆ, ಎರಡು ನದಿಗಳ ನಡುವಿನ ನಾಡು. ಹಳೆಯ ಶಾಸನಗಳಲ್ಲಿ ಎಡೆದೊರೆ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ನೆಲಕ್ಕೆ ಇಷ್ಟು ಹೊಡೆದಾಟ ಯಾಕೆ ಎನ್ನುವುದನ್ನು ಮುಂದಿನ ಪಿರಿಯಡ್‌ಗೆ ಇಟ್ಟುಕೊಳ್ಳಿ.

ಬಳ್ಳಾರಿಯವರಿಗೆ ಇನ್ನೊಂದು ಅಂಕಿ. 1876–78ರ ಭೀಕರ ಬರದಲ್ಲಿ ಪರಿಹಾರ ಕಾಮಗಾರಿಯ ಆಳಿಗೆ ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ ಗೊತ್ತು ಮಾಡಿದ್ದು ದಿನಕ್ಕೆ ಒಂದು ಪೌಂಡ್ ಕಾಳು, ಜೊತೆಗೆ ಚಿಲ್ಲರೆ ಕಾಸು. ಒಂದು ಪೌಂಡ್ ಎಂದರೆ 450 ಗ್ರಾಂ ಚಿಲ್ಲರೆ. ತೂಗಿ ಮೇಜಿನ ಮೇಲಿಡಿ. ‘ಇಷ್ಟು ತಿಂದು ದಿನವಿಡೀ ಕಲ್ಲು ಹೊರಬಹುದಾ? ಮಳೆ ಬಾರದಿದ್ದಕ್ಕೆ ಜನ ಸತ್ತರಾ, ಬೇರೆ ಕಾರಣವೂ ಇತ್ತಾ?’ ಎಂದು ಕೇಳಿ.

7. ಮನೆಗೆ ಕಳಿಸುವ ಪ್ರಶ್ನೆ

‘1947ರ ಆಗಸ್ಟ್ 15ರಂದು ನಮ್ಮೂರಿಗೆ ಸ್ವಾತಂತ್ರ್ಯ ಬಂತಾ?’ ಬಳ್ಳಾರಿಯ ಮಗು ಹೌದು ಎನ್ನಬೇಕು. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೊಪ್ಪಳ, ರಾಯಚೂರಿನ ಮಗು ಇಲ್ಲ ಎನ್ನಬೇಕು. ಇಲ್ಲಿ ನಿಜಾಮನ ಆಡಳಿತ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ಒಂದು ನದಿಯ ಈ ದಡದಲ್ಲಿ ಸ್ವಾತಂತ್ರ್ಯ, ಆ ದಡದಲ್ಲಿ ಇಲ್ಲ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮೂರೂ ಕಡೆಯವರು ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ಕ್ಕೆ.

ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರಲಿ. ಇದಕ್ಕೆ ಮೌಖಿಕ ಇತಿಹಾಸ ಎನ್ನುತ್ತಾರೆ, ಬಾಯಿಮಾತಿನಿಂದ ಸಂಗ್ರಹಿಸಿದ್ದು. ಪ್ರತಿ ಮಗುವೂ ಎರಡು ವಿಷಯ ತಪ್ಪದೆ ಬರೆದುಕೊಳ್ಳಬೇಕು. ಆಗ ನಿಮಗೆ ಎಷ್ಟು ವಯಸ್ಸು? ಇದು ನೀವು ಕಂಡದ್ದಾ, ಕೇಳಿದ್ದಾ? ಈಗ ಎಷ್ಟೋ ಮನೆಗಳಲ್ಲಿ ಕೇಳಿದ್ದೇ ಉಳಿದಿದೆ. ಅದನ್ನು ಕೇಳಿದ್ದು ಎಂದೇ ಬರೆಯಲಿ.

ಎಚ್ಚರ ಬೇಕಾದ ಜಾಗ ಇದು. ನಿಜಾಮನ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ಹಾವಳಿಯ ನೆನಪು ಎಷ್ಟೋ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಮುಸ್ಲಿಂ ಕುಟುಂಬಗಳೂ ಹಿಂಸೆ ಅನುಭವಿಸಿದವು. ಸರ್ಕಾರವೇ ಕಳಿಸಿದ ಸುಂದರ್‌ಲಾಲ್ ಸಮಿತಿ ಅದನ್ನು ವರದಿ ಮಾಡಿದೆ. ನಿಮ್ಮ ತರಗತಿಯಲ್ಲಿ ಎರಡೂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ‘ನಿಮ್ಮವರು’ ಎಂಬ ಮಾತು ತರಗತಿಯಲ್ಲಿ ಬರಕೂಡದು ಎಂದು ಮೊದಲೇ ಹೇಳಿ. ಯಾವ ಮಗುವೂ ತನ್ನ ಧರ್ಮದ ಪರವಾಗಿ ಜವಾಬು ಕೊಡುವ ಸ್ಥಿತಿ ಬರಬಾರದು. ಬಂದರೆ ಅಲ್ಲೇ ನಿಲ್ಲಿಸುವುದು ನಿಮ್ಮ ಕೆಲಸ.

ಇದು ಭಾರ ಅನ್ನಿಸಿದರೆ ಕ್ಯಾಂಪುಗಳ ಪ್ರಶ್ನೆ ಕೊಡಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಎಷ್ಟೊಂದು ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಇದೆ. ಯಾಕೆ? ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಭೂಮಿ ಮಾಡಿದರು, ನೆಲೆ ನಿಂತರು. ಬಂದವರು ಯಾಕೆ ಬಂದರು? ಇಲ್ಲಿನವರು ಹೊಲ ಯಾಕೆ ಮಾರಿದರು? ಜೋಳದ ನೆಲ ಭತ್ತದ ನೆಲ ಆದಾಗ ಮನೆಯ ಊಟದಲ್ಲಿ ಏನು ಬದಲಾಯಿತು? ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ಎಲ್ಲಿಗೆ ಹೋದರು? ಅಜ್ಜಿಯರ ಹತ್ತಿರ ಇದಕ್ಕೆ ಪುಟಗಟ್ಟಲೆ ಉತ್ತರ ಇದೆ.

8. ಬರೆಸುವುದು, ಅಂಕ ಕೊಡುವುದು

ಮಾತಾಡಿದ್ದು ಬರಹಕ್ಕೆ ಇಳಿಯದಿದ್ದರೆ ಮರುದಿನಕ್ಕೆ ಮರೆತುಹೋಗುತ್ತದೆ. ಪಿರಿಯಡ್‌ನ ಕೊನೆಯ ಐದು ನಿಮಿಷ ಮೂರು ವಾಕ್ಯ ಬರೆಸಿ. ‘ನನಗೆ ಅನ್ನಿಸುವುದು…’, ‘ಯಾಕೆಂದರೆ…’, ‘ಆದರೆ ಹೀಗೂ ಇರಬಹುದು…’. ಅಂಕ ಕೊಡುವಾಗ ಮೊದಲ ವಾಕ್ಯಕ್ಕಿಂತ ಎರಡನೆಯದಕ್ಕೆ ಜಾಸ್ತಿ ಕೊಡಿ. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆ ನಡೆಯುವಾಗಲೇ ಮಾಡುವ ಪರೀಕ್ಷೆಯ, ಚಟುವಟಿಕೆ ಎಂದು ಇದನ್ನೇ ದಾಖಲಿಸಬಹುದು. ಬೇರೆ ಚಾರ್ಟ್ ಮಾಡಿಸುವ ಗೋಜು ಬೇಡ.

‘ಎಸ್ಸೆಸ್ಸೆಲ್ಸಿ ಫಲಿತಾಂಶದ ಕಥೆ ಏನು?’ ಎಂದು ನೀವು ಕೇಳಿಯೇ ಕೇಳುತ್ತೀರಿ. ಇಸವಿ, ಹೆಸರು ಕಲಿಸುವುದನ್ನು ಬಿಡಬೇಕಿಲ್ಲ. ಪ್ರತಿ ಪಿರಿಯಡ್‌ನಲ್ಲೂ ಹೀಗೆ ಮಾಡಲು ಆಗುವುದೂ ಇಲ್ಲ, ಪಾಠ ಮುಗಿಯುವುದಿಲ್ಲ. ಅಧ್ಯಾಯಕ್ಕೆ ಒಂದು ಪಿರಿಯಡ್ ಸಾಕು. ಗೌಡ್ರ ಕಾಗದದ ಬಗ್ಗೆ ವಾದ ಮಾಡಿದ ಮಗುವಿಗೆ 1915 ಎನ್ನುವುದನ್ನು ಆಮೇಲೆ ಉರು ಹೊಡೆಸಬೇಕಾಗಿ ಬಂದಿಲ್ಲ, ನನ್ನ ತರಗತಿಗಳಲ್ಲಂತೂ.

ಉತ್ತರ ಸಿಗದೆ ಉಳಿದ ಪ್ರಶ್ನೆಗಳಿಗೆ ತರಗತಿಯಲ್ಲಿ ಒಂದು 200 ಪುಟದ ನೋಟ್‌ಬುಕ್ ಇಡಿ. ಕೇಳಿದ ಮಗುವೇ ತನ್ನ ಹೆಸರು, ತಾರೀಖು ಹಾಕಿ ಬರೆಯಲಿ. ನಿಮ್ಮದೂ ಒಂದಿರಲಿ. ಕಳಿಂಗ ಯುದ್ಧದ ಬಗ್ಗೆ ಅಶೋಕ ದುಃಖಪಟ್ಟ ಮಾತು 13ನೇ ಶಿಲಾಶಾಸನದಲ್ಲಿದೆ. ಅದೇ ಕಳಿಂಗದ ಧೌಲಿ, ಜೌಗಡಗಳ ಬಂಡೆಗಳಲ್ಲಿ ಆ ಶಾಸನವನ್ನು ಅವನು ಹಾಕಿಸಲಿಲ್ಲ. ಯಾಕಿರಬಹುದು? ಮೊದಲ ಪುಟಕ್ಕೆ ನಾನು ಬರೆಯುವುದು ಈ ಪ್ರಶ್ನೆಯನ್ನೇ. ಮಾರ್ಚ್‌ನಲ್ಲಿ ಆ ನೋಟ್‌ಬುಕ್ಕನ್ನು ಮುಂದಿನ ವರ್ಷದ ತರಗತಿಗೆ ಕೊಟ್ಟುಬಿಡಿ.